ಕುಬೇರಪ್ಪ ಕಂಪ್ಯೂಟರಿಗೆ ಮಾಡಿದ ಖಂಡೇಪೂಜೆ

ಕರೆಂಟಿನ ಸಾಮಾನಿಗೆ ನೀರು ಹಾಕಬಾರದು. ಇಷ್ಟು ಹೇಳುವುದಕ್ಕೆ ಒಂದು ಕಥೆ ಬೇಕೇ ಎಂದು ನೀವು ಕೇಳಬಹುದು. ಬೇಕು. ಯಾಕೆಂದರೆ ಗೊತ್ತಿದ್ದವರೇ ಹಾಕುತ್ತಾರೆ. ಅದೂ ಭಕ್ತಿಯಿಂದ ಹಾಕುತ್ತಾರೆ.

ಕುಬಿಹಾಳದ ಕುಬೇರಪ್ಪನನ್ನೇ ನೋಡಿ. ಅರವತ್ತು ದಾಟಿದ ರೈತ. ಹಿತ್ತಲಲ್ಲಿ ತಗಡಿನದೊಂದು ಮಳೆ ಡಬ್ಬಿ ಇಟ್ಟಿದ್ದಾನೆ. ಐವತ್ತೇಳನೆಯ ಇಸವಿಯಿಂದ ಒಂದು ಮಳೆಯನ್ನೂ ಬಿಡದೆ ಅಳೆದು, ಯಾವ ನಕ್ಷತ್ರದಲ್ಲಿ ಎಷ್ಟು ಬಿತ್ತು ಎಂದು ನೋಟ್‌ಬುಕ್ಕಿನಲ್ಲಿ ಬರೆಯುತ್ತ ಬಂದಿದ್ದಾನೆ. ಮಗಳ ಅಕ್ಷತೆಯ ದಿನವೂ ಚಪ್ಪರದಿಂದ ಎದ್ದು ಹೋಗಿ ಡಬ್ಬಿ ನೋಡಿ ಬಂದ ಮನುಷ್ಯ. ಊರಿನವರು ಕಡಲೆ, ಬಿಳಿಜೋಳ ಬಿತ್ತುವ ಮೊದಲು ಇವನ ಕಟ್ಟೆಗೆ ಬಂದು, ಈ ಸಲ ಹೇಗೆ ಎಂದು ಕೇಳಿ ಹೋಗುತ್ತಾರೆ.

ಹೋದ ವರ್ಷ ಬೇಸಿಗೆಯಲ್ಲಿ ಟ್ರಂಕು ತೆಗೆದು ನೋಡಿದರೆ ನೋಟ್‌ಬುಕ್ಕುಗಳಿಗೆ ಒರಲೆ ಹತ್ತಿತ್ತು. ಮುಟ್ಟಿದ ಹಾಳೆಯ ಅಂಚು ಪುಡಿಪುಡಿ. ಆಗ ಸೊಸೆ ಶಾರದವ್ವ ಮುಂದೆ ಬಂದಳು. ಅವಳ ಗಂಡ ಈರಪ್ಪ ಹುಬ್ಬಳ್ಳಿಯಿಂದ ಹಳೆಯದೊಂದು ಮನೆ ಕಂಪ್ಯೂಟರ್ ತಂದಿದ್ದ. ರೊಟ್ಟಿ ಬಡಿಯುವ ಹಲಗೆಯಷ್ಟೂ ದೊಡ್ಡದಲ್ಲ, ಮೈತುಂಬ ರಬ್ಬರಿನ ಗುಂಡಿಗಳು. ಅದನ್ನು ಟಿ.ವಿ.ಗೆ ಜೋಡಿಸಿದರೆ ಒತ್ತಿದ್ದು ಟಿ.ವಿ.ಯಲ್ಲಿ ಕಾಣುತ್ತದೆ. ಟೇಪ್ ರೆಕಾರ್ಡರಿಗೆ ಜೋಡಿಸಿದರೆ ಅದೇ ಕ್ಯಾಸೆಟ್ಟಿನಲ್ಲಿ ಉಳಿಯುತ್ತದೆ. ಮಾವ ಹಾಳೆ ಹಿಡಿದು ಓದುವುದು, ಸೊಸೆ ಗುಂಡಿ ಒತ್ತುವುದು. ಮೂರು ತಿಂಗಳು ಹಿಡಿಯಿತು. ಕಡೆಗೆ ಒರಲೆ ತಿಂದ ಪುಸ್ತಕಗಳನ್ನು ತಿಪ್ಪೆಗೆ ಹಾಕಿದರು. ಮೂವತ್ತೊಂದು ವರ್ಷದ ಮಳೆ ಒಂದೇ ಕ್ಯಾಸೆಟ್ಟಿಗೆ ಬಂದು ಕೂತಿತು.

ಬಾಜು ಮನೆಯ ರಜಿಯಾಬೇಗಂ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವರು, ಊರಿಗೆಲ್ಲ ಅಕ್ಕೋರು. ಅವರ ಶಾಲೆಗೆ ಕಂಪ್ಯೂಟರ್ ಬಂದಾಗ ತರಬೇತಿಗೂ ಹೋಗಿ ಬಂದಿದ್ದರು. ಗುಂಡಿ ಒತ್ತುವುದನ್ನು ಶಾರದವ್ವನಿಗೆ ಕಲಿಸಿದವರೂ ಅವರೇ. ಒಂದು ದಿನ ಕುಬೇರಪ್ಪನಿಗೆ ಹೇಳಿದರು:

"ಕಾಕಾ, ಒಂದ ಕ್ಯಾಸೆಟ್ಟಿನ ಮ್ಯಾಲ ಭರೋಸಾ ಇಡಬ್ಯಾಡ್ರಿ. ಇನ್ನೊಂದರಾಗ ತುಂಬಿ ಬ್ಯಾರೆಯವರ ಮನ್ಯಾಗ ಇಡ್ರಿ."

"ನಮ್ಮ ಮಳಿ ಮಂದಿ ಮನ್ಯಾಗ ಯಾಕ ಇಡಬೇಕ್ರಿ ಅಕ್ಕೋರ? ನಮ್ಮ ಮನಿಗೆ ಬಾಗಲಾ ಇಲ್ಲೇನು?"

"ಬಾಗಲಾ ಐತ್ರಿ. ಒರಲಿ ಬಾಗಲಾ ಬಡಿದು ಬಂತೇನ್ರಿ?"

ಕುಬೇರಪ್ಪ ಮೀಸೆ ತಿರುವಿದ. ಅಕ್ಕೋರು ಬಿಡಲಿಲ್ಲ.

"ಮಷೀನಿನ ಮ್ಯಾಲ ಒಂದು ಅರಿವಿ ಹೊಚ್ಚರಿ. ಕಾಳು ತೂರೂಮುಂದ ಧೂಳು ಒಳಗ ಹೊಕ್ಕತೈತಿ."

"ಹೊಕ್ಕರ ಏನಾತು? ಅದಕ್ಕೇನು ನೆಗಡಿ ಬರತೈತೇನು? ನಲವತ್ತು ವರ್ಷ ಕಮತ ಮಾಡೀನ್ರಿ. ಸಾಮಾನು ಹೆಂಗ ಇಟ್ಟಕೋಬೇಕು ಅನ್ನೂದು ನನಗ ಗೊತ್ತೈತಿ."

ಒಂದು ಮಾತು ಮಾತ್ರ ನಡೆಯಿತು. ಮನೆಯ ಫ್ಯೂಜು ಸುಟ್ಟಾಗಲೆಲ್ಲ ಈರಪ್ಪ ಅದಕ್ಕೆ ದಪ್ಪ ತಂತಿ ಸುತ್ತಿ ಬಿಟ್ಟಿದ್ದ. ಅಕ್ಕೋರು ಅವನ ಮುಂದೆಯೇ ಅದನ್ನು ಕಿತ್ತು, ಅಂಗಡಿಯಿಂದ ಸಣ್ಣ ಫ್ಯೂಜು ತಂತಿ ತರಿಸಿ ಹಾಕಿಸಿದರು. "ಫ್ಯೂಜು ಸುಡೂದ ಛಲೋ ಈರಪ್ಪ. ಅದು ಸುಡಲಿಲ್ಲ ಅಂದ್ರ ಮನಿ ಸುಡತೈತಿ" ಎಂದರು.

ಆ ದಿನಗಳಲ್ಲಿ ಕುಬೇರಪ್ಪನಿಗೆ ಬೇರೊಂದು ಚಿಂತೆ ಹತ್ತಿತ್ತು. ಕುಂದಗೋಳದ ಸಂಗೀತಕ್ಕೆ ಹೋದಾಗ ತಾನೇ ಟೇಪ್ ಮಾಡಿಕೊಂಡು ಬಂದಿದ್ದ ಭೈರವಿ ಕ್ಯಾಸೆಟ್ಟು ಶ್ರಾವಣದಿಂದ ಕಾಣೆಯಾಗಿತ್ತು. "ಯಾವ ಕಳ್ಳ ನನ್ನ ಭೈರವಿ ಒಯ್ದ?" ಎಂದು ದಿನಕ್ಕೊಮ್ಮೆಯಾದರೂ ಒದರುತ್ತಿದ್ದ. ಅವನ ಹೆಂಡತಿ ಅನ್ನವ್ವ, "ಕಳ್ಳಗೂ ಒಂದೀಟು ನಿದ್ದಿ ಬರಬೇಕಲ್ಲ, ಅದಕ್ಕ ಒಯ್ದಿರಬೇಕು" ಎನ್ನುತ್ತಿದ್ದಳು.

ಮಹಾನವಮಿ ಬಂತು. ನಮ್ಮ ಕಡೆ ಖಂಡೇಪೂಜೆ ಎಂದರೆ ಆಯುಧಪೂಜೆ, ಗೊತ್ತಲ್ಲ. ನೇಗಿಲು, ಕುಂಟೆ, ಕೂರಿಗೆ, ಕುಡುಗೋಲು ಎಲ್ಲವನ್ನೂ ತೊಳೆದು, ವಿಭೂತಿ ಹಚ್ಚಿ, ಕಾಯಿ ಒಡೆಯುತ್ತೇವೆ. ಈರಪ್ಪ ಎತ್ತಿನ ಮೈ ತೊಳೆಯಲು ಕೆರೆಗೆ ಹೋಗಿದ್ದ. ಅನ್ನವ್ವ, ಶಾರದವ್ವ ಇಬ್ಬರೂ ಒಳಗೆ ಹೋಳಿಗೆ ಮಾಡುತ್ತಿದ್ದರು. ಕರೆಂಟು ಹೋಗಿತ್ತು. ಅಂಗಳದ ಸಾಮಾನೆಲ್ಲ ಮುಗಿಸಿ ಕುಬೇರಪ್ಪ ಪಡಸಾಲೆಗೆ ಬಂದ. ಕಂಪ್ಯೂಟರ್ ಕಂಡಿತು. ಧೂಳು ತುಂಬಿತ್ತು.

ಮನೆಯಲ್ಲಿ ಇದಕ್ಕಿಂತ ಹೆಚ್ಚಿನ ಖಂಡೆ ಯಾವುದು? ಅವನ ಮೂವತ್ತೊಂದು ವರ್ಷ ಹೊತ್ತ ಸಾಮಾನು ಅದು. ಅಂಗಳದ ಸಾಮಾನಿಗೆ ಬಕೆಟ್ಟು ನೀರು ಎರಚಿದವನು ಇದಕ್ಕೆ ತಂಬಿಗೆ ನೀರಿನಲ್ಲಿ ಅರಿವೆ ಅದ್ದಿ ಗುಂಡಿ ಗುಂಡಿಯ ಸಂದಿಯನ್ನೂ ಒರೆಸಿದ. ಮೈತುಂಬ ವಿಭೂತಿ ಎಳೆದ. ಟೇಪ್ ರೆಕಾರ್ಡರಿನಲ್ಲಿದ್ದ ಮಳೆ ಕ್ಯಾಸೆಟ್ಟನ್ನು ತೆಗೆದು, ಅದಕ್ಕೂ ಅರಿಷಿಣ ನೀರು ಚಿಮುಕಿಸಿ, ವಿಭೂತಿ ಹಚ್ಚಿ, ಹಸಿಯಾಗಿದ್ದಂತೆಯೇ ಒಳಗೆ ಹಾಕಿ, ಕರೆಂಟು ಬಂದಾಗ ತಿರುಗಿ ನೀರು ಇಳಿಯಲಿ ಎಂದು ಟೇಪ್ ತಿರುಗಿಸುವ ಗುಂಡಿಯನ್ನೂ ಒತ್ತಿಟ್ಟ. ಮುಂದೆ ಕಾಯಿ ಒಡೆದ. ಕಾಯಿ ನೀರು ಹಾರಿ ಕಂಪ್ಯೂಟರಿನ ಮೇಲೆ ಬಿತ್ತು, ಅಲ್ಲಿಂದ ಕೆಳಗೆ ನೆಲದ ಮೇಲಿದ್ದ ಕರೆಂಟಿನ ಬೋರ್ಡಿಗೆ ಇಳಿಯಿತು. ಸ್ವಿಚ್ಚು ಆರಿಸಿರಲಿಲ್ಲ. ಕರೆಂಟೇ ಇಲ್ಲದಿದ್ದಾಗ ಸ್ವಿಚ್ಚು ಆರಿಸುವವರು ಯಾರು?

ಬೋರ್ಡಿಗೂ ಮೂರು ಬೆರಳು ವಿಭೂತಿ ಎಳೆಯಬೇಕೆಂದು ಒದ್ದೆ ಕೈ ಚಾಚಿದ. ಆಗ ಕರೆಂಟು ಬಂತು.

ಟೇಪ್ ರೆಕಾರ್ಡರ್ ಗರಗರ ತಿರುಗಿತು, ಮರುಗಳಿಗೆ ಟಪ್ಪೆಂದು ಸದ್ದಾಯಿತು. ನೀಲಿ ಕಿಡಿ ಹಾರಿತು. ಕುಬೇರಪ್ಪ ಹಿಂದೆ ಬಿದ್ದ. ಸುಟ್ಟ ರಬ್ಬರಿನ ವಾಸನೆ ಮನೆತುಂಬ ಹರಡಿತು. ಅನ್ನವ್ವ ಹಿಟ್ಟಿನ ಕೈಯಲ್ಲೇ ಓಡಿ ಬಂದು, ಗಂಡನನ್ನು ಎಬ್ಬಿಸಲು ಆ ಒದ್ದೆ ಬೋರ್ಡನ್ನು ತುಳಿದೇ ಹೋಗುವವಳಿದ್ದಳು. ಸದ್ದು ಕೇಳಿ ಬಂದ ರಜಿಯಾಬೇಗಂ ಬಾಗಿಲಲ್ಲೇ ಕೂಗಿದರು:

"ನಿಲ್ಲರಿ ಕಾಕೂ! ಬೋರ್ಡ ಮುಟ್ಟಬ್ಯಾಡ್ರಿ! ಶಾರದಾ, ಮೊದಲು ಮೇನ್ ಸ್ವಿಚ್ ತಗಿ. ಕೈ ಒರಸಿಕೊಂಡು ತಗಿ."

ಸಣ್ಣ ತಂತಿಯ ಫ್ಯೂಜು ಸುಟ್ಟು ಹೋಗಿತ್ತು. ಹಾಗಾಗಿ ಮನೆಗೆ ಬೆಂಕಿ ಹತ್ತಲಿಲ್ಲ. ಕುಬೇರಪ್ಪನ ಕೈ ಜುಮುಗುಟ್ಟುತ್ತಿತ್ತು, ಜೀವಕ್ಕೆ ಏನೂ ಆಗಿರಲಿಲ್ಲ. ದೊಡ್ಡ ಪುಣ್ಯ. ಎಲ್ಲರಿಗೂ ಅಂಥ ಪುಣ್ಯ ಇರುವುದಿಲ್ಲ.

"ಯಾರಿಗರ ಕರೆಂಟು ಹಿಡಕೊಂಡ್ರ ಅವರನ್ನ ಬರಿಗೈಲೆ ಹಿಡೀಬಾರದ್ರಿ. ಹಿಡದ್ರ ಇಬ್ಬರೂ ಹೋಗತಾರ. ಮೊದಲು ಮೇನ್ ಆರಸಬೇಕು. ಆಗಲಿಲ್ಲ ಅಂದ್ರ ಒಣ ಕಟ್ಟಿಗೀಲೆ ದೂರ ತಳ್ಳಬೇಕು" ಎಂದರು ಅಕ್ಕೋರು.

ಕುಬೇರಪ್ಪನಿಗೆ ಅದು ಕೇಳಿಸಲಿಲ್ಲ. ಅವನ ಕಣ್ಣು ಟೇಪ್ ರೆಕಾರ್ಡರಿನ ಮೇಲಿತ್ತು. ಶಾರದವ್ವ ಮುಚ್ಚಳ ತೆಗೆದಳು. ಹಸಿ ಕ್ಯಾಸೆಟ್ಟಿನ ಪಟ್ಟಿ ಚಕ್ರಕ್ಕೆ ಸುತ್ತಿಕೊಂಡು, ಅಲ್ಲಲ್ಲಿ ಹರಿದು, ವಿಭೂತಿ ಅರಿಷಿಣ ಮೆತ್ತಿಕೊಂಡು ಶಾವಿಗೆಯ ಹಾಗೆ ಹೊರಗೆ ಬಂತು.

"ಮಳಿ ಹೋತೇನವಾ?" ಎಂದ ಕುಬೇರಪ್ಪ. ಅಷ್ಟು ಸಣ್ಣ ದನಿಯಲ್ಲಿ ಅವನು ಮಾತಾಡಿದ್ದನ್ನು ಆ ಮನೆಯಲ್ಲಿ ಯಾರೂ ಕೇಳಿರಲಿಲ್ಲ.

ಅಷ್ಟರಲ್ಲಿ ಓಣಿಯ ಮಡಿವಾಳೆಪ್ಪ ಬಂದ. "ಕುಬೇರಣ್ಣಾ, ಚಿತ್ತಿ ಮಳಿ ಹೆಂಗ? ಕಡ್ಲಿ ಬಿತ್ತೂಣೇನು?"

"ಆಕಾಶಕ್ಕ ಮಾರಿ ಮಾಡಿ ಕೇಳ ಹೋಗಲೇ! ನನ್ನ ಕೇಳಬ್ಯಾಡ. ನಾ ಈಗ ಏನೂ ಇಲ್ಲದಾಂವ."

ಕಟ್ಟೆಗೆ ಹೋಗಿ ಕೂತುಬಿಟ್ಟ. ಹೋಳಿಗೆ ಆರಿದವು. ಯಾರು ಕರೆದರೂ ಏಳಲಿಲ್ಲ.

ಶಾರದವ್ವ ಅಕ್ಕೋರ ಕಡೆ ನೋಡಿದಳು. ಅವರು, "ಹೇಳಿಬಿಡು" ಎಂದರು. ಅವಳು ಕಟ್ಟೆಯ ಹತ್ತಿರ ಹೋಗಿ ನಿಂತಳು.

"ಮಾವಾರ, ಬೈಯೂದಿಲ್ಲ ಅಂದ್ರ ಒಂದು ಮಾತು ಹೇಳತೀನ್ರಿ."

"ಬೈತೀನಿ. ಹೇಳು."

"ಮಳಿ ಇನ್ನೊಂದು ಕ್ಯಾಸೆಟ್ಟಿನ್ಯಾಗೂ ಐತ್ರಿ. ಶ್ರಾವಣದಾಗ ತುಂಬಿ ಮೈಮುನಬಿ ಅಜ್ಜಿ ಪೆಟಗಿಯೊಳಗ ಇಡಿಸೀನ್ರಿ."

ಕುಬೇರಪ್ಪ ದಡಕ್ಕನೆ ಎದ್ದ. "ಮತ್ತ ಇಷ್ಟೊತ್ತು ಬಾಯಾಗ ಏನಿಟ್ಟಕೊಂಡಿದ್ದಿ?"

ಶಾರದವ್ವ ಎರಡು ಹೆಜ್ಜೆ ಹಿಂದೆ ಸರಿದಳು. ಯಾಕೆಂದು ಆಮೇಲೆ ತಿಳಿಯಿತು. ರಜಿಯಾಬೇಗಂ ಅವರ ಅತ್ತೆ ಮೈಮುನಬಿ ಅರಿವೆಯಲ್ಲಿ ಸುತ್ತಿದ ಕ್ಯಾಸೆಟ್ಟನ್ನು ತಂದು ಅವನ ಕೈಯಲ್ಲಿಟ್ಟಳು. ಬಿಚ್ಚಿ ನೋಡಿದರೆ ಅದರ ಮೇಲೆ ಕುಬೇರಪ್ಪನದೇ ಅಕ್ಷರ: 'ಭೈರವಿ, ಕುಂದಗೋಳ'.

"ಹಾ! ಮನ್ಯಾಗ ಇದ್ದಳು ನೋಡು ಕಳ್ಳಿ!"

"ಆ ಹೊತ್ತಿನ್ಯಾಗ ಮನ್ಯಾಗ ಖಾಲಿ ಕ್ಯಾಸೆಟ್ಟು ಇರಲಿಲ್ರಿ ಮಾವಾರ. ಒಂದ ಕಡಿ ತುಂಬೀನ್ರಿ. ಇನ್ನೊಂದು ಕಡಿ ಹಾಡು ಹಂಗ ಐತ್ರಿ, ಮುಟ್ಟಿಲ್ಲ."

ಅನ್ನವ್ವ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. "ಬೈರಿ ಈಗ. ಆ ಕಳ್ಳಿಗೂ ಬೈರಿ, ನಿಮ್ಮ ಪೂಜಿಗೂ ಬೈರಿ."

ಕುಬೇರಪ್ಪ ಬೈಯಲಿಲ್ಲ. ಆದರೆ ಕ್ಯಾಸೆಟ್ಟಿನಲ್ಲಿ ಮಳೆ ಇದೆ ಎಂದು ನೋಡಬೇಕಾದರೆ ಕಂಪ್ಯೂಟರ್ ಬದುಕಬೇಕು.

"ಮಾಳಿಗಿ ಮ್ಯಾಲ ಬಿಸಲಿಗೆ ಇಡೂಣು. ಇಲ್ಲಾಂದ್ರ ಒಲಿ ಬಾಜು?" ಎಂದ.

"ಅದೇನು ಹಪ್ಪಳೇನ್ರಿ ಕಾಕಾ? ಬಿಸಲಿಗೆ ಇಟ್ರ ಸೊಟ್ಟಾಗತೈತಿ, ಒಲಿಗೆ ಇಟ್ರ ಕರಗತೈತಿ" ಎಂದು ರಜಿಯಾಬೇಗಂ ಪ್ಲಗ್ಗು, ವೈರು ಎಲ್ಲ ಬಿಡಿಸಿದರು. ಯಂತ್ರವನ್ನು ಬೋರಲು ಮಾಡಿ ನೀರು ಬಸಿದರು. ಸ್ಕ್ರೂ ಬಿಚ್ಚಿ, ಒಣ ಅರಿವೆಯಿಂದ ಒತ್ತಿ ಒತ್ತಿ ಒರೆಸಿದರು. ಗುಂಡಿಯ ಸಂದಿಯ ವಿಭೂತಿಯನ್ನು ಮೆತ್ತನೆಯ ಬ್ರಷ್ಷಿನಿಂದ ಕೆಡವಿದರು. ಗಾಳಿಯಾಡುವ ನೆರಳಿನಲ್ಲಿಟ್ಟು, "ಮೂರು ದಿನ ಯಾರೂ ಸ್ವಿಚ್ಚಿನ ಹಂತ್ಯಾಕ ಹೋಗಬಾರದು. ಹಸಿ ಇದ್ದಾಗ ಕರೆಂಟು ಕೊಟ್ರ ಉಳದದ್ದೂ ಹೋಗತೈತಿ" ಎಂದು ಹೇಳಿ ಹೋದರು.

ಆ ಮೂರು ದಿನ ಮನೆಯವರು ಸುಮ್ಮನೆ ಕೂರಲಿಲ್ಲ. ಕುಂದಗೋಳದ ರೇಡಿಯೋ ರಿಪೇರಿ ಗುಡದಪ್ಪ ಬಂದು ಕಂಪ್ಯೂಟರಿನ ಸುಟ್ಟ ಟ್ರಾನ್ಸ್‌ಫಾರ್ಮರ್ ಬದಲಿಸಿದ, ಟೇಪಿನ ಚಕ್ರ ತೊಳೆದ. ಬೋರ್ಡನ್ನು ನೆಲದಿಂದ ತೆಗೆದು ಗೋಡೆಗೆ ಎತ್ತರದಲ್ಲಿ ಬಡಿದ. ಸೋರಿದ ಕರೆಂಟನ್ನು ನೆಲಕ್ಕೆ ಇಳಿಸುವ ಅರ್ಥಿಂಗೇ ಆ ಮನೆಗೆ ಇರಲಿಲ್ಲ. ಹಿತ್ತಲಲ್ಲಿ ಕುಣಿ ತೋಡಿ, ಇದ್ದಲಿ ಉಪ್ಪು ತುಂಬಿ, ಅದನ್ನೂ ಮಾಡಿದ. ಪಂಪ್‌ಸೆಟ್ಟು ಚಾಲೂ ಆದಾಗಲೆಲ್ಲ ಟಿ.ವಿ. ಚಿತ್ರ ಕುಗ್ಗುತ್ತದೆ ಎಂದು ಈರಪ್ಪ ಹೇಳಿದ್ದಕ್ಕೆ, "ಹಂಗಾದ್ರ ಸ್ಟೆಬಿಲೈಜರ್ ಹಾಕ್ರಿ. ಗುಡುಗು ಸಿಡಿಲು ಇದ್ದಾಗ ಪ್ಲಗ್ಗ ಕಿತ್ತಿಡ್ರಿ, ಬರೇ ಸ್ವಿಚ್ ಆರಿಸಿದ್ರ ಸಾಲೂದಿಲ್ಲ" ಎಂದ.

ನಾಲ್ಕನೆಯ ದಿನ ಮಡಿವಾಳೆಪ್ಪನೂ ಬಂದು ಕೂತ. ಎಲ್ಲರ ಕೈ ಒಣಗಿವೆಯೇ ಎಂದು ನೋಡಿಯೇ ರಜಿಯಾಬೇಗಂ ಸ್ವಿಚ್ಚು ಹಾಕಿಸಿದರು. ಟಿ.ವಿ. ಬೆಳಗಿತು. ಶಾರದವ್ವ ಕ್ಯಾಸೆಟ್ಟು ಹಾಕಿದಳು. ಕೀಂ... ಎಂದು ಕಿವಿ ಕೊರೆಯುವ ಸದ್ದು ಶುರುವಾಯಿತು.

"ಏನಿದು, ಹಂದಿ ಹಿಡದಂಗ?" ಎಂದ ಮಡಿವಾಳೆಪ್ಪ.

"ಸುಮ್ಮಿರಲೇ. ಅದು ಮಳಿ ದನಿ" ಎಂದ ಕುಬೇರಪ್ಪ.

ಐದು ನಿಮಿಷವಾಯಿತು. ಸದ್ದು ನಿಂತಿತು. ಶಾರದವ್ವ ಗುಂಡಿ ಒತ್ತಿದಳು. ಐವತ್ತೇಳರ ರೋಹಿಣಿ ಬಂತು. ಆಮೇಲೆ ಮೃಗಶಿರ, ಆರಿದ್ರ. ಒಂದಾದ ಮೇಲೊಂದು ಸಾಲು ಮೇಲೇರತೊಡಗಿತು. ಕುಬೇರಪ್ಪ ಟಿ.ವಿ. ಹತ್ತಿರ ಮುಖವಿಟ್ಟು ಬೆರಳಾಡಿಸುತ್ತ ಓದಿದ. ಚಿತ್ತಿ ಮಳೆಯ ಸಾಲುಗಳನ್ನು ಮಾತ್ರ ಆರಿಸಿ ತೆಗೆಸಿದ. ನೋಡಿ ಮುಗಿಸಿ ತಿರುಗಿದ.

"ಮಡಿವಾಳೆಪ್ಪ, ಮೂವತ್ತೊಂದರಾಗ ಇಪ್ಪತ್ತೆರಡು ವರ್ಷ ಚಿತ್ತಿ ಛಲೋ ಬಂದೈತಿ. ನೆಲಾ ಹಸಿ ಐತಿ. ಬಿತ್ತು ಹೋಗು."

ಒಂದು ಗುಂಡಿ ಮಾತ್ರ ಮೊದಲಿನಂತಾಗಲಿಲ್ಲ. ಏಳರ ಅಂಕಿಯನ್ನು ಈಗಲೂ ಗಟ್ಟಿಯಾಗಿ ಒತ್ತಬೇಕು. ಕಾಯಿ ನೀರು ಬಿದ್ದದ್ದು ಅಲ್ಲಿ.

"ಅಕ್ಕೋರ, ಬರೂ ವರ್ಷ ಇದಕ್ಕ ಪೂಜಿ ಮಾಡಬಾರದೇನ್ರಿ ಹಂಗಾದ್ರ?" ಎಂದ ಕುಬೇರಪ್ಪ.

"ಮಾಡ್ರಿ ಕಾಕಾ. ಪೂಜಿಗೆ ಯಾರು ಬ್ಯಾಡ ಅಂತಾರ? ಪ್ಲಗ್ಗ ತಗದು ಮುಂದ ಒಂದು ಹೂವು ಇಡ್ರಿ. ವಿಭೂತಿ ಅದರ ಕೆಳಗಿನ ಮಣಿಗೆ ಹಚ್ಚರಿ. ಕಾಯಿ ಅಂಗಳದಾಗ ಒಡೀರಿ. ಇನ್ನ ದಿನಾ ಒಣ ಅರಿವೀಲೆ ಧೂಳು ಹೊಡದು, ಆರಸಿ ತಣ್ಣಗಾದ ಮ್ಯಾಲ ಹೊಚ್ಚಿಟ್ರ ಅದು ದಿನದ ಪೂಜಿ."

ಕುಬೇರಪ್ಪ ಶಾರದವ್ವನ ಕಡೆ ತಿರುಗಿದ. "ಇದರ ಮ್ಯಾಲ ಮತ್ತ ಯಾರೂ ಏನೂ ತುಂಬದಂಗ ಮಾಡಾಕ ಬರತೈತೇನವಾ?"

ಅವಳು ಕ್ಯಾಸೆಟ್ಟಿನ ಬೆನ್ನಿನ ಮೇಲಿನ ಎರಡು ಪುಟ್ಟ ಪ್ಲಾಸ್ಟಿಕ್ ತುಂಡುಗಳನ್ನು ತೋರಿಸಿದಳು. ಅವನ್ನು ಮುರಿದರೆ ಅದರ ಮೇಲೆ ಕೈತಪ್ಪಿಯೂ ಟೇಪ್ ಆಗುವುದಿಲ್ಲ. ಕುಬೇರಪ್ಪ ತನ್ನ ಕುಡುಗೋಲಿನ ತುದಿಯಿಂದ ಒಂದನ್ನು ಮುರಿದ, ಇದು ಮಳೆಗೆ. ಇನ್ನೊಂದನ್ನು ಮುರಿದ, ಇದು ಭೈರವಿಗೆ. ಆಮೇಲೆ ಈರಪ್ಪನನ್ನು ಎರಡು ಹೊಸ ಕ್ಯಾಸೆಟ್ಟು ತರಲು ಕುಂದಗೋಳಕ್ಕೆ ಅಟ್ಟಿದ. ಎರಡರಲ್ಲೂ ಮಳೆ ತುಂಬಿಸಿ, ತುಂಬಿದೆಯೋ ಇಲ್ಲವೋ ಎಂದು ಹಾಕಿ ನೋಡಿದ ಮೇಲೆ, ಒಂದನ್ನು ಟಿ.ವಿ., ಸ್ಪೀಕರುಗಳಿಂದ ದೂರ ಗೂಟದ ಚೀಲದಲ್ಲಿಟ್ಟ. ಸ್ಪೀಕರಿನೊಳಗಿನ ಸೂಜಿಗಲ್ಲು ಕ್ಯಾಸೆಟ್ಟನ್ನು ಕೆಡಿಸುತ್ತದೆ ಎಂದು ಅಕ್ಕೋರು ಹೇಳಿದ್ದು ಈಗ ಅವನಿಗೆ ಬಾಯಿಪಾಠ. ಇನ್ನೊಂದನ್ನು ಹೋಳಿಗೆಯ ತಾಟಿನಲ್ಲಿಟ್ಟುಕೊಂಡು ತಾನೇ ಬಾಜು ಮನೆಗೆ ಹೋದ.

"ಮೈಮುನಬಿ, ನಮ್ಮ ಮಳಿ ನಿಮ್ಮ ಪೆಟಗಿಯೊಳಗ ಇರಲಿ" ಎಂದ.

ಸಂಜೆ ಆ ಓಣಿಯಲ್ಲಿ ಭೈರವಿ ಕೇಳಿಸಿತು.

ಓದುಗರೇ, ನಿಮ್ಮ ಮನೆಯಲ್ಲಿ ಕಂಪ್ಯೂಟರ್ ಇರಲಿಕ್ಕಿಲ್ಲ. ಟಿ.ವಿ., ಟೇಪ್ ರೆಕಾರ್ಡರ್ ಇದೆಯಲ್ಲ? ಕರೆಂಟಿನ ಬೋರ್ಡು ಇದೆಯಲ್ಲ? ಈ ಹಾಳೆ ಕೆಳಗಿಟ್ಟು ಈಗಲೇ ಎದ್ದು ಹೋಗಿ ನೋಡಿ. ಬೋರ್ಡು ನೀರಿನ ಕೊಡದ ಪಕ್ಕದಲ್ಲಿದ್ದರೆ ಜಾಗ ಬದಲಿಸಿ. ಫ್ಯೂಜಿಗೆ ದಪ್ಪ ತಂತಿ ಸುತ್ತಿದ್ದರೆ ಬಲ್ಲವರನ್ನು ಕರೆಸಿ ಇವತ್ತೇ ಕಿತ್ತು ಹಾಕಿಸಿ, ನಾಳೆ ಎನ್ನಬೇಡಿ. ಒದ್ದೆ ಕೈ ಸ್ವಿಚ್ಚಿನ ಕಡೆ ಹೋಗದಿರಲಿ. ನಿಮಗೆ ಬೇಕಾದದ್ದು ಏನನ್ನಾದರೂ ಒಂದೇ ಕಡೆ ಇಟ್ಟಿದ್ದರೆ, ಅದಕ್ಕೆ ಎರಡನೆಯ ಪ್ರತಿ ಮಾಡಿ, ನಂಬಿಕೆಯ ಮನೆಯಲ್ಲಿಡಿ.

ನಿಮ್ಮ ಸೊಸೆ ಕದ್ದು ಮಾಡಲಿ ಎಂದು ಕಾಯಬೇಡಿ. ನೀವೇ ಮಾಡಿ.