ಕೋಲ್ಡ್ ರೂಮಿನ ಕೈ

ಕೆಂಪು ಅಂಕಿ ಮೂವತ್ತೈದು ಪಾಯಿಂಟ್ ಆರು, ಈಗ ಏಳು, ಏರುತ್ತಿದೆ, ಅಯ್ಯೋ ಏರುತ್ತಿದೆ, ಬಾಗಿಲು ಯಾರು ತೆಗೆದಿಟ್ಟರು — ಇಲ್ಲ, ಥೂ, ಇದು ಗುಲಾಬಿಯ ಕೋಲ್ಡ್ ರೂಮಲ್ಲ, ಹೊಸೂರಿನ ಆಸ್ಪತ್ರೆ, ಇಲ್ಲಿ ಏರಬೇಕು, ಏರಿದರೆ ಮಗಳು ಬೆಚ್ಚಗಾಗುತ್ತಿದ್ದಾಳೆ ಎಂದರ್ಥ, ಎಷ್ಟು ಸಲ ಹೇಳಿಕೊಂಡರೂ ಈ ತಲೆಗೆ ಹತ್ತುವುದಿಲ್ಲ, ಎಂಟು ವರ್ಷ ಗುಮ್ಮಳಾಪುರದ ಹೂತೋಟದಲ್ಲಿ ಇದೇ ಕೆಲಸ, ಬಾಗಿಲ ಮೇಲಿನ ಅಂಕಿ ಕಾಯುವುದು, ನಾಲ್ಕು, ಮೂರು, ಎರಡು, ಇಳಿದರೆ ಹೂವು ಉಳಿಯಿತು, ಏರಿದರೆ ಲಾರಿ ಹತ್ತುವ ಮೊದಲೇ ಮೊಗ್ಗು ಬಿರಿದು ಹಾಳು, ಆಮೇಲೆ ಮೇಸ್ತ್ರಿ ಹನುಮಯ್ಯನ ಬಾಯಿ, ನಿದ್ದೆ ಹೊಡೀತಿದ್ದೇನ್ಲಾ ದೇವರಾಜು — ಎರಡು ತಿಂಗಳು ಮೊದಲೇ ಬಂದುಬಿಟ್ಟಳು ಇವಳು, ಒಂದೂಕಾಲು ಕೇಜಿ, ನನ್ನ ಎದೆಯ ಮೇಲೆ ಇದ್ದಾಳೋ ಇಲ್ಲವೋ ಬಗ್ಗಿ ನೋಡಬೇಕು, ಪಾದ ನನ್ನ ಹೆಬ್ಬೆರಳಿನಷ್ಟು, ನಾಗವೇಣಿ ಮೇಲಿನ ವಾರ್ಡಿನಲ್ಲಿ ಆಪರೇಷನ್ ಆಗಿ ಮಲಗಿದ್ದಾಳೆ, ಏಳಲಾರಳು, ಅದಕ್ಕೇ ನಾನು, ಸಟ್ಟೆ ಕಳಟ್ಟುಂಗಣ್ಣಾ ಎಂದಳು ಸರಳಾ ಸಿಸ್ಟರ್, ಶರ್ಟು ಬಿಚ್ಚಿ, ಅಮ್ಮ ಇಲ್ದಿದ್ರೆ ಅಪ್ಪನ ಎದೆ, ಮೈಗೆ ಮೈ ತಾಗ್ಬೇಕು ಅಷ್ಟೇ, ಆದರೆ ನನ್ನ ಮೈಯಾ, ಕೆಲಸದಿಂದ ಬಂದು ಮುಟ್ಟಿದರೆ ನಾಗವೇಣಿ ನಗುತ್ತಾ ತಳ್ಳುತ್ತಿದ್ದಳು, ಬುಡು ಅತ್ಲಾಗೆ, ಐಸ್ ಇದ್ದಂಗೈತೆ ನಿನ್ ಕೈ.

ಬೆಳಿಗ್ಗೆಯೂ ಇದೇ ಅಂಕಿ ಕಾಯುತ್ತಿದ್ದೆ, ಮಗು ಆಗ ಕಾವು ಕೊಡುವ ವಾರ್ಮರಿನ ಕೆಳಗೆ, ನಾನು ಪಕ್ಕದಲ್ಲಿ, ಮೂವತ್ತಾರೂ ನಾಲ್ಕು, ಮೂವತ್ತಾರು, ಮೂವತ್ತೈದೂ ಏಳು, ನೋಡುತ್ತಲೇ ನಿಂತಿದ್ದೆ, ಇಳಿಯುತ್ತಿದೆ, ಸದ್ಯ ಎಂದುಕೊಂಡೆ, ಹೌದು, ಸದ್ಯ ಎಂದೇ ಅಂದುಕೊಂಡು ಹಾಯಾಗಿ ಉಸಿರು ಬಿಟ್ಟೆ, ಸ್ವಂತ ಮಗು ತಣ್ಣಗಾಗುತ್ತಿದ್ದರೆ ಸದ್ಯ ಎಂದ ಅಪ್ಪ ಎಲ್ಲಾದರೂ ಇದ್ದಾನೆಯೇ, ಕೊನೆಗೆ ಮೆಷೀನೇ ಕೂಗಿಕೊಂಡಿತು, ಸಿಸ್ಟರ್ ಓಡಿ ಬಂದಳು, ಯಾವಾಗ್ನಿಂದ ಇಳೀತಾ ಇತ್ತಣ್ಣಾ, ನೀವು ನೋಡ್ಲಿಲ್ವಾ, ಇಲ್ಲ ಕಣಮ್ಮಾ, ಆ ಕಡೆ ತಿರುಗಿದ್ದೆ, ಸುಳ್ಳು, ಹಸಿ ಸುಳ್ಳು, ಅತ್ತೆ ಚೆಲುವಮ್ಮ ಗಾಜಿನ ಆಚೆ ಸೆರಗು ಬಾಯಿಗೊತ್ತಿಕೊಂಡು ಅಳುತ್ತಿದ್ದರು, ಯಾರ ಕಣ್ಣು ಬಿತ್ತೋ ನನ್ ಕೂಸಿನ ಮ್ಯಾಲೆ, ನಂದೇ ಅತ್ತೆ, ನಂದೇ ಕಣ್ಣು — ಈಗ ಎಷ್ಟಾಯಿತು, ಅಂಕಿ ಎಲ್ಲಿ, ಎರಡು ಕೆಂಪು ಗೀಟು ಬರೀ, ಹೋಯಿತಾ, ಸಿಸ್ಟರ್, ಸಿಸ್ಟರ್, ಅವಳು ಎದುರಿನ ತೊಟ್ಟಿಲಲ್ಲಿ ಇನ್ನೊಂದು ಮಗುವಿಗೆ ರಬ್ಬರ್ ಚೀಲ ಹಿಸುಕಿ ಉಸಿರು ಒತ್ತುತ್ತಿದ್ದಾಳೆ, ತಲೆ ಎತ್ತದೆ ಹೇಳುತ್ತಾಳೆ, ಏನೂ ಆಗಿಲ್ಲಣ್ಣಾ, ಬೆವರಿಗೆ ಮೈಗಂಟ್ಸಿದ್ ವೈರು ಬಿಟ್ಕೊಂಡೈತೆ, ಮಗು ಉಸಿರಾಡ್ತಾ ಐತೆ, ನಾನೀಗ ಕೈ ಬಿಡಂಗಿಲ್ಲ, ಪಾದ ಹಿಡಿದು ನೋಡಿ ಹೇಳಿ, ತಣ್ಣಗೈತಾ, ಬೆಚ್ಚಗೈತಾ, ಹಿಡಿದೆ, ಹಿಡಿದಿದ್ದೇನೆ, ಎಂಟು ವರ್ಷ ಐಸಿನಂಥ ಬಕೆಟ್ಟು ಎತ್ತಿದ ಕೈ ಇದು, ಸುಡುವ ಟೀ ಲೋಟ ಹಿಡಿದರೂ ತಿಳಿಯದ ಕೈ, ಹೇಳಿ ಅಣ್ಣಾ ಬೇಗ, ಬೆಚ್ಚಗಿದೆ ಎಂದುಬಿಡಲೇ, ಇನ್ನೊಂದು ಸುಳ್ಳು, ಬೇಡ, ಗೊತ್ತಾಗ್ತಾ ಇಲ್ಲ ಕಣಮ್ಮಾ, ನನ್ ಕೈಗೆ ಗೊತ್ತಾಗ್ತಾ ಇಲ್ಲ, ಬೆಳಿಗ್ಗೆ ಇಳಿಯೋದ್ ನೋಡ್ದೆ ಕಣಮ್ಮಾ, ನೋಡ್ತಾನೇ ನಿಂತಿದ್ದೆ — ಬಾಯಿಬಿಟ್ಟು ಹೇಳಿದೆನೋ ಒಳಗೇ ಹೇಳಿಕೊಂಡೆನೋ, ಹೆಬ್ಬೆರಳಿನಷ್ಟು ಪಾದ, ಅಂಗೈಯಲ್ಲಿ, ತಣ್ಣಗಿದೆಯೋ, ಬೆಚ್ಚಗಿದೆಯೋ, ಹೆಬ್ಬೆರಳಿನಷ್ಟು ಪಾದ