ಹೊಸ್ತಿಲ ಮೇಲೆ ಲಾಟ್ವಿಯನ್ ಮಾತು

ಸವಣೂರಿನ ದವಾಖಾನೆಯಲ್ಲಿ ಕಸ ಹೊಡೆಯುವ ಗೌಹರಳ ಕಾಲು ಒಂದು ಕಡೆ ನಿಲ್ಲುತ್ತಿರಲಿಲ್ಲ. ಇವತ್ತಾದರೂ ನಾಗವ್ವ ಬಾಯಿ ಬಿಟ್ಟಾಳೋ ಇಲ್ಲವೋ?

ಅವಳ ಓಣಿಯ ನಾಗವ್ವ ಬಸುರಿ. ತೋಟದಿಂದ ವೀಳ್ಯದೆಲೆಯ ಬುಟ್ಟಿ ಹೊತ್ತು ಬರುವಾಗ ಹೊಟ್ಟೆ ಹಿಡಿದು ಕುಸಿಯುವುದನ್ನು ಗೌಹರ ಕಣ್ಣಾರೆ ಕಂಡಿದ್ದಳು. ಅತ್ತೆ ದಾನವ್ವನ ಜೊತೆ ದವಾಖಾನೆಗೆ ಬಂದಾಗ ಮಾತ್ರ ಅವಳದು ಒಂದೇ ಮಾತು: "ಆರಾಮ ಅದೀನ್ರಿ." ಹಿರಿಯರೆದುರು ನೋವು ಅಂದರೆ ಮನೆಯ ಮೇಲೆ ದೂರು ಹೇಳಿದಂತೆ. ಒಮ್ಮೆ ಗೌಹರಳೇ ನರ್ಸಿಗೆ ತಿಳಿಸಿದ್ದಳು. ನರ್ಸು ಕೇಳಿದರೆ ನಾಗವ್ವ "ಏನಿಲ್ರಿ" ಅಂದಳು. ದಾನವ್ವ ಸಿಟ್ಟಾಗಿ, "ಹಿಂಗ ಚಾಡಿ ಹೇಳೂದಾದ್ರ ಇನ್ನ ಕರ್ಕೊಂಡ ಬರೂದಿಲ್ಲ" ಅಂದಿದ್ದಳು.

ನರ್ಸು ಮಿಲ್ಡಾಬಾಯಿ ಎರಡನೇ ಮಹಾಯುದ್ಧಕ್ಕೆ ಮೊದಲೇ ಲಾಟ್ವಿಯಾ ದೇಶದಿಂದ ಬಂದವಳು. ಕನ್ನಡ ಅಷ್ಟಿಷ್ಟು ಬರುತ್ತಿತ್ತು. ಬಿಸಿಲಿಗೆ, ಸೊಳ್ಳೆಗೆ, ಸೊಂಟನೋವಿಗೆ ಗೊಣಗುವುದೆಲ್ಲ ತನ್ನ ಮಾತಿನಲ್ಲೇ. ಕಸ ಹೊಡೆಯುತ್ತ ಕೇಳಿ ಕೇಳಿ ಗೌಹರಳಿಗೂ ಆ ಗೊಣಗು ಬಾಯಿಗೆ ಬಂದಿತ್ತು. ಬಾವಿಕಟ್ಟೆಯಲ್ಲಿ ಅದನ್ನೇ ನಾಗವ್ವನಿಗೆ ಕಲಿಸಿದಳು.

"ಮನ್ ಸಾಪ್ ಅನ್ನು. ನನಗ ನೋವಾಕತ್ತೈತಿ ಅಂತ. ನಿಮ್ಮತ್ತಿಗೆ ತಿಳಿಯೂದಿಲ್ಲ."

"ತಿಳೀದಿದ್ರೇನು, ಎದುರಿಗೆ ಕುಂತಿರ್ತಾರಲ್ಲವಾ."

"ಮದ್ಲ ನಿಮ್ಮ ಎಮ್ಮಿ ಮುಂದ ಅಂದು ರೂಢಿ ಮಾಡ್ಕೊ."

ಈಗ ಮಿಲ್ಡಾಬಾಯಿ ಎಂದಿನಂತೆ ಕೇಳಿದಳು. ನಾಗವ್ವ ಸೆರಗು ಎಳೆದುಕೊಂಡು, "ಆರಾಮ ಅದೀನ್ರಿ" ಅಂದಳು. ಗೌಹರಳ ಕೈಯಲ್ಲಿದ್ದ ಕಸಬರಿಗೆ ಜಾರಿತು. ಅತ್ತೆ ಸೊಸೆ ಎದ್ದರು. ದಾನವ್ವ ಆಗಲೇ ಹೊರಗೆ ಚಪ್ಪಲಿ ಹುಡುಕುತ್ತಿದ್ದಳು.

ಹೊಸ್ತಿಲ ಮೇಲೆ ನಾಗವ್ವ ನಿಂತಳು. ಬಾಗಿಲ ಚೌಕಟ್ಟನ್ನು ಗಟ್ಟಿಯಾಗಿ ಹಿಡಿದಳು.

"ಮನ್ ಸಾಪ್," ಅಂದಳು. ಮತ್ತೆ ಇನ್ನೂ ಜೋರಾಗಿ, "ಮನ್ ಸಾಪ್!"

ಅದು ಮಿಲ್ಡಾಬಾಯಿ ಎಷ್ಟೋ ವರ್ಷದಿಂದ ಬೇರೆಯವರ ಬಾಯಲ್ಲಿ ಕೇಳದ ತನ್ನ ಮಾತು. ಮಿಲ್ಡಾಬಾಯಿ ಓಡಿಬಂದು ಅವಳನ್ನು ಹಿಡಿದು ಒಳಗೆ ಮಲಗಿಸಿದಳು.

"ಏನಂದ್ಲ ಆಕಿ?" ದಾನವ್ವ ಕೇಳಿದಳು.

"ನರ್ಸಬಾಯಿಗೆ ನಮಸ್ಕಾರ ಅಂದ್ಲರಿ," ಅಂದಳು ಗೌಹರ.

"ನಮಸ್ಕಾರ ಅಂದ್ರ ಹಿಡಕೊಂಡು ಮಲಗಸ್ತಾರೇನ?"

ಗೌಹರ ಬಗ್ಗಿ ಕಸಬರಿಗೆ ಎತ್ತಿಕೊಂಡು ಜಗಲಿ ಗುಡಿಸತೊಡಗಿದಳು. ಸ್ವಲ್ಪ ಹೊತ್ತಿಗೆ ಮಿಲ್ಡಾಬಾಯಿ ಹೊರಬಂದು, "ಕೂಸು ಉಳೀತದ. ಬುಟ್ಟಿ ಬೇಡ. ಹೆರಿಗೆ ತನಕ ಇಲ್ಲೇ," ಅಂದಳು.

ದಾನವ್ವ ಜಗಲಿಯ ಮೇಲೆ ಕುಳಿತುಬಿಟ್ಟಳು. ಏಳಲೂ ಇಲ್ಲ, ಜಗಳಕ್ಕೂ ಬರಲಿಲ್ಲ. ನೋಯುವ ಎರಡೂ ಮೊಣಕಾಲು ತಿಕ್ಕಿಕೊಳ್ಳುತ್ತ ಬಾಗಿಲ ಕಡೆ ನೋಡಿದಳು, ಬೀದಿಯ ಕಡೆ ನೋಡಿದಳು. ಯಾರೂ ಇಲ್ಲದ್ದು ಕಂಡು ಮೆಲ್ಲಗೆ ಕರೆದಳು.

"ಗೌಹರಾ, ಬಾ ಇಲ್ಲೆ. ಆ ನಮಸ್ಕಾರ ನನಗೂ ಒಂದೀಟು ಹೇಳಿಕೊಡು."