ಒಡಹುಟ್ಟಿದ ರಕ್ತ

"ಇವರದೂ ಹೊಂದ್ತಿಲ್ಲ," ಎಂದು ರಕ್ತನಿಧಿಯ ತಂತ್ರಜ್ಞೆ ದಿವ್ಯ, ಗಾಜಿನ ಕೊಳವೆಯನ್ನು ಬೆಳಕಿಗೆ ಹಿಡಿದಳು. ರೋಗಿ ಕೆಂಪರಾಜನ ರಕ್ತದ ತಿಳಿದ್ರವಕ್ಕೆ ಸೇರಿದ್ದೇ ತಡ, ಅವನ ತಮ್ಮ ಬೈಲಪ್ಪನ ರಕ್ತವೂ ಒಡೆದ ಹಾಲಿನಂತೆ ಗಂಟುಗಂಟಾಗಿತ್ತು.

ಬಾಗಿಲ ಬಳಿ ನೆಲದಲ್ಲಿ ಕೂತಿದ್ದ ಮಾರಕ್ಕನಿಗೆ ಏಳಲೂ ತ್ರಾಣವಿರಲಿಲ್ಲ. ಕೆಂಪರಾಜ ಬೈಕಿನಿಂದ ಬಿದ್ದು ತೊಡೆ ಮುರಿದುಕೊಂಡು ದೊಡ್ಡಬಳ್ಳಾಪುರದ ಈ ಆಸ್ಪತ್ರೆ ಸೇರಿದಾಗಿನಿಂದ ಅವಳು ಮನೆಯ ಮುಖ ನೋಡಿಲ್ಲ. ಅವನ ಬಟ್ಟೆ ಒಗೆಯುವುದು, ಗಂಜಿ ಕುಡಿಸುವುದು, ನೋಡಲು ಬಂದವರಿಗೆ ಫ್ಲಾಸ್ಕಿನಲ್ಲಿ ಕಾಫಿ ತರುವುದು, ಎಲ್ಲ ಅವಳ ತಲೆಗೇ. ರಕ್ತ ಸಿಗದೆ ಆಪರೇಷನ್ನಿಗೆ ಕೈ ಹಾಕುವುದಿಲ್ಲ, ತಡವಾದರೆ ಜೀವಕ್ಕೇ ಅಪಾಯ ಎಂದು ಡಾಕ್ಟರು ಕಡ್ಡಿ ಮುರಿದಂತೆ ಹೇಳಿದ್ದರು.

ಕೆಂಪರಾಜನ ಕಾರ್ಡಿನಲ್ಲಿ ಓ ಗುಂಪು ಎಂದಿತ್ತು. ಊರಿನ ಓ ಗುಂಪಿನವರೆಲ್ಲ ಬಂದು ತೋಳು ಚಾಚಿದ್ದೇ ಬಂತು. ಬೆಂಗಳೂರಿನಲ್ಲಿ ಪರೀಕ್ಷೆ ಮಾಡಿಸಿದ ಮೇಲೆ ನಿಜ ತಿಳಿಯಿತು. ಓ ರಕ್ತದಲ್ಲೂ ಇರುವ ಒಂದು ಅಂಶ ಇವನ ಕೆಂಪುಕಣಗಳಲ್ಲಿ ಇಲ್ಲವೇ ಇಲ್ಲ. ಅದಿರುವ ಯಾರ ರಕ್ತವೂ ಇವನ ಮೈಗೆ ವಿಷ.

"ನಿಮ್ಮಪ್ಪ ಅಮ್ಮ ಸಂಬಂಧದಲ್ಲೇ ಮದುವೆ ಆದವರಾ?" ದಿವ್ಯ ಕೇಳಿದಳು.

"ಹೂಂ ಮೇಡಂ. ನಮ್ಮಪ್ಪ ನಮ್ಮವ್ವಂಗೆ ಸ್ವಂತ ಸೋದರಮಾವ," ಎಂದ ಬೈಲಪ್ಪ.

"ಹಾಗಾದ್ರೆ ಒಡಹುಟ್ಟಿದವರಲ್ಲೇ ಸಿಗೋ ಸಾಧ್ಯತೆ ಜಾಸ್ತಿ. ಇನ್ಯಾರೂ ಇಲ್ವಾ?"

"ಇಲ್ಲ. ಅಣ್ತಮ್ಮಂದ್ರೆಲ್ಲಾ ಕೊಟ್ಟು ನೋಡಾಯ್ತು."

ದಿವ್ಯಳ ಕಣ್ಣು ಬಾಗಿಲ ಕಡೆ ಹೋಯಿತು. "ಇವರು?"

"ನಮ್ಮಕ್ಕ. ಸಾಸಲು ಊರಿಗೆ ಕೊಟ್ಬಿಟ್ಟಿದ್ದೀವಿ, ಬೇರೆ ಮನೆಯೋರು."

"ಮದುವೆ ಮಾಡಿ ಕೊಟ್ರೆ ರಕ್ತಾನೂ ಬದಲಾಗತ್ತಾ?" ದಿವ್ಯಳ ದನಿಯಲ್ಲಿ ಸಿಟ್ಟಿಗಿಂತ ಸುಸ್ತೇ ಹೆಚ್ಚಿತ್ತು.

ಬೈಲಪ್ಪ ತಲೆ ತಗ್ಗಿಸಿದ. ಇಷ್ಟು ದಿನ ಇಲ್ಲೇ ಕೂತಿದ್ದರೂ ಮಾರಕ್ಕನಿಗೂ ಅದು ಹೊಳೆದಿರಲಿಲ್ಲ. ಅವಳು ಗೋಡೆ ಹಿಡಿದು ಎದ್ದು ಬಂದು ದಿವ್ಯಳ ಮುಂದೆ ತೋಳು ಚಾಚಿದಳು.

ಮಧ್ಯಾಹ್ನ ದಿವ್ಯ ಮತ್ತೊಂದು ಕೊಳವೆಯನ್ನು ಎತ್ತಿ ಹಿಡಿದು ಅಲುಗಿಸಿದಳು, ಇನ್ನೊಮ್ಮೆ ಅಲುಗಿಸಿದಳು. ಗಂಟು ಕಟ್ಟಲಿಲ್ಲ. "ಹೊಂದ್ತಮ್ಮಾ," ಎಂದಳು. ಮಾರಕ್ಕ ಸೆರಗು ಬಾಯಿಗೊತ್ತಿಕೊಂಡು ಅತ್ತಳು.

ಉಳಿದ ತಪಾಸಣೆಗಳೂ ಮುಗಿದು ಅವಳನ್ನು ಮಂಚದ ಮೇಲೆ ಮಲಗಿಸಿದರು. ಎಳನೀರು ಹಿಡಿದು ಬಂದ ಬೈಲಪ್ಪನಿಗೆ ಎಲ್ಲಿ ನೋಡಬೇಕೆಂದು ತಿಳಿಯಲಿಲ್ಲ. "ಮಲ್ಕೋ ಅಕ್ಕಾ," ಎಂದಷ್ಟೇ ಹೇಳಿ, ಅವಳ ಪಕ್ಕದಲ್ಲಿದ್ದ ಫ್ಲಾಸ್ಕು ಎತ್ತಿಕೊಂಡು ಹೊರಗೆ ಹೋದ.

ತುಂಬಿದ ರಕ್ತದ ಚೀಲವನ್ನು ದಿವ್ಯ ತೆಗೆದಿಟ್ಟಳು. "ಆಯ್ತಮ್ಮಾ. ಸ್ವಲ್ಪ ಹೊತ್ತಾದ್ಮೇಲೆ ಎದ್ದೇಳಿ."

"ಜಾಸ್ತಿ ಹೊತ್ತು ಮಲ್ಕೊಂಡ್ರೆ ಬಯ್ತೀರೇನವ್ವಾ?" ಎಂದಳು ಮಾರಕ್ಕ. ಉತ್ತರ ಬರುವ ಮೊದಲೇ ಅವಳಿಗೆ ನಿದ್ದೆ ಹತ್ತಿತು.

ಹೊರಗೆ ಬೈಲಪ್ಪ, ಫ್ಲಾಸ್ಕು ತೊಳೆಯಲು ನಲ್ಲಿ ಎಲ್ಲಿದೆ ಎಂದು ಯಾರನ್ನೋ ಕೇಳುತ್ತಿದ್ದ.